ಇಪ್ಪತ್ನಾಲ್ಕನೇ ಗೂಡು

ನನ್ನ ಫೋನಿನಲ್ಲಿ ಒಂದು ವಾಟ್ಸಾಪ್ ಬಳಗವಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕಿನವರು ತಮಗೆ ಬೇಡವಾದದ್ದನ್ನು ಮಾರಲಿಕ್ಕೆ, ಬೇಕಾದದ್ದನ್ನು ಕೊಳ್ಳಲಿಕ್ಕೆ ಅಂತ ಮಾಡಿಕೊಂಡ ಬಳಗ. ಕಳೆದ ವಾರ ಒಂದು ಬೆಳಿಗ್ಗೆ ಯಾರೋ ಪುಣ್ಯಾತ್ಮರು ಅದರಲ್ಲಿ ತೂಗುಮಂಚದ ಫೋಟೋ ಹಾಕಿ, ‘ಕೊಡುವುದಿದೆ’ ಎಂದು ಬರೆದರು. ನಾನು ಚಹಾ ಕುಡಿದು ಲೋಟ ತೊಳೆದು ಬರುವುದರೊಳಗೆ ಅದರ ಕೆಳಗೆ ಮೂವತ್ತು ನಲವತ್ತು ಮಾತು ಸೇರಿಕೊಂಡಿದ್ದವು. ಒಬ್ಬರಾದರೂ ಬೆಲೆ ಕೇಳಿರಲಿಲ್ಲ. ಮರ ಯಾವುದು, ಸರಪಳಿ ಹಿತ್ತಾಳೆಯದ್ದೋ ಕಬ್ಬಿಣದ್ದೋ ಎಂದೂ ಕೇಳಿರಲಿಲ್ಲ. ಎಲ್ಲರದ್ದೂ ಒಂದೇ ಪ್ರಶ್ನೆ: ‘ಇದು ಯಾರ ಮನೆದು?’ ಒಬ್ಬ ಮಹಾನುಭಾವರಂತೂ ಫೋಟೋವನ್ನು ದೊಡ್ಡದು ಮಾಡಿ, ಹಿಂದಿನ ಗೋಡೆಯ ಮೇಲಿದ್ದ ಕ್ಯಾಲೆಂಡರಿನಲ್ಲಿ ಅಂಗಡಿಯ ಹೆಸರು ಓದಿ, ಆ ಅಂಗಡಿಯವರು ಕ್ಯಾಲೆಂಡರ್ ಕೊಡುವುದು ಯಾವ ಊರಿನವರಿಗೆ ಎಂದು ಲೆಕ್ಕ ಹಾಕಿ, ಮಧ್ಯಾಹ್ನದ ಊಟದೊಳಗೆ ಮನೆಯನ್ನು ಪತ್ತೆಮಾಡಿದ್ದರು. ತೂಗುಮಂಚ ಮಾರಿಹೋಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಬಹುಶಃ ಇಲ್ಲ.

ನೀವು ಇದನ್ನು ಓದಿ ನಕ್ಕಿರಬಹುದು. ನಾನೂ ನಕ್ಕೆ. ಆದರೆ ನನಗೆ ಇದರಲ್ಲಿ ಹೊಸತೇನೂ ಕಾಣಲಿಲ್ಲ. ಏಕೆಂದರೆ ಇದೇ ಮೂರು ತಾಲೂಕಿನ ಇದೇ ಪ್ರಶ್ನೆಗೆ ಉತ್ತರ ಹೇಳದೆ ತಪ್ಪಿಸಿಕೊಳ್ಳುವುದೇ ಹದಿನಾರು ವರ್ಷ ನನ್ನ ನೌಕರಿಯಾಗಿತ್ತು. ನಾನು ‘ಬೇಕು-ಬೇಡ’ ಪತ್ರಿಕೆಯಲ್ಲಿ ಗುಮಾಸ್ತೆಯಾಗಿದ್ದೆ.

‘ಬೇಕು-ಬೇಡ’ ವಾರಕ್ಕೊಮ್ಮೆ, ಶಿರಸಿ ಸಂತೆಯ ದಿನಕ್ಕೆ ಸರಿಯಾಗಿ ಬರುತ್ತಿದ್ದ ನಾಲ್ಕು ಪುಟದ ಪತ್ರಿಕೆ. ಪತ್ರಿಕೆ ಅಂದ ಕೂಡಲೇ ನೀವು ಸುದ್ದಿ, ಸಂಪಾದಕೀಯ, ಮಂತ್ರಿಗಳ ಭಾಷಣ ಎಂದುಕೊಂಡರೆ ನಿರಾಶರಾಗುತ್ತೀರಿ. ಅದರಲ್ಲಿ ಇದ್ದದ್ದು ಬರೀ ಚಿಕ್ಕ ಚಿಕ್ಕ ಜಾಹೀರಾತು. ಮಾರಾಟಕ್ಕಿದೆ, ಬೇಕಾಗಿದೆ, ಕಳೆದಿದೆ, ಸಿಕ್ಕಿದೆ, ವಧು-ವರ, ಇಷ್ಟೇ. ಹಾಗಿದ್ದರೂ ನಮ್ಮ ಕಡೆ ಅದನ್ನು ಓದಿದಷ್ಟು ಶ್ರದ್ಧೆಯಿಂದ ಜನ ಇನ್ನೇನನ್ನೂ ಓದಿದ್ದು ನಾನು ಕಂಡಿಲ್ಲ. ದೇಶದಲ್ಲಿ ಯಾವ ಸರಕಾರ ಬಿತ್ತು ಎಂಬುದಕ್ಕಿಂತ ಯಾರ ಮನೆಯ ಎಮ್ಮೆ ಮಾರಾಟಕ್ಕೆ ಬಂತು ಎಂಬುದು ದೊಡ್ಡ ವಿಷಯವೇ ತಾನೆ?

ಇದನ್ನು ಹುಟ್ಟಿಸಿದವರು ಸುಬ್ರಾಯಣ್ಣ. ಶಿರಸಿ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯ ಹಿಂಬದಿಯ ಎರಡು ಕೋಣೆಯಲ್ಲಿ ಅವರದ್ದೊಂದು ಸಣ್ಣ ಅಚ್ಚುಕೂಟ. ಕಾಲಿನಿಂದ ಮೆಟ್ಟಿ ನಡೆಸುವ ಟ್ರೆಡಲ್ ಯಂತ್ರ, ಒಂದೊಂದೇ ಅಕ್ಷರದ ಮೊಳೆ ಹೆಕ್ಕಿ ಜೋಡಿಸುವ ಕೆಲಸ. ಮದುವೆ ಮಂಗಲಪತ್ರ, ರಸೀದಿ ಪುಸ್ತಕ, ಯಕ್ಷಗಾನದ ಕರಪತ್ರ ಅಚ್ಚು ಮಾಡಿಕೊಂಡಿದ್ದರು. ಮಂಗಲಪತ್ರ ಮಾಡಿಸಲು ಬಂದವರು ಹೋಗುವಾಗ, ‘ಯಾರಿಗಾದರೂ ಕರು ಹಾಕಿದ ಆಕಳು ಬೇಕಾದರೆ ಹೇಳು ಮಾರಾಯ’ ಎಂದು ಹೇಳಿ ಹೋಗುವರಂತೆ. ಸುಬ್ರಾಯಣ್ಣನಿಗೆ ಮರೆವು. ಅದಕ್ಕೆ ಚೀಟಿಯಲ್ಲಿ ಬರೆದು ಗೋಡೆಯ ಮೊಳೆಗೆ ಚುಚ್ಚಿಡುತ್ತಿದ್ದರು. ಚೀಟಿ ಹೆಚ್ಚಾಗಿ ಒಂದು ದಿನ ಮೊಳೆಯೇ ಗೋಡೆಯಿಂದ ಕಿತ್ತು ಬಿತ್ತು. ಬಿದ್ದ ಚೀಟಿಗಳನ್ನು ಆರಿಸುತ್ತಾ, ಇದನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚುಮಾಡಿ ಹಂಚಿದರೆ ತಾನು ನೆನಪಿಟ್ಟುಕೊಳ್ಳುವ ಕಷ್ಟ ತಪ್ಪುತ್ತದೆ ಎಂದು ಅವರಿಗೆ ಹೊಳೆಯಿತು. ಮೊದಲ ಕೆಲವು ಸಂಚಿಕೆಗಳು ಮದುವೆ ಪತ್ರಕ್ಕೆ ತಂದು ಉಳಿದ ಗುಲಾಬಿ ಕಾಗದದ ಮೇಲೆಯೇ ಬಂದವು. ‘ಎಮ್ಮೆ ಮಾರಾಟಕ್ಕಿದೆ’ ಎಂಬುದರ ನೆತ್ತಿಯ ಮೇಲೆ ಗಣಪತಿಯ ಚಿತ್ರವಿದ್ದ ಒಂದು ಸಂಚಿಕೆಯನ್ನು ನಾನೇ ನೋಡಿದ್ದೇನೆ.

ಶುರುವಿನಲ್ಲಿ ಒಂದು ತೊಡಕು ಬಂತು. ನಮ್ಮವರಿಗೆ ಕೊಳ್ಳಲು ನಾಚಿಕೆಯಿಲ್ಲ, ಮಾರಲು ಮಹಾ ನಾಚಿಕೆ. ಹಳೆಯ ಕಪಾಟೊಂದನ್ನು ಮಾರಿದರೆ ಸಾಕು, ‘ಅವರ ಮನೆಯಲ್ಲಿ ಮಾರುವ ಕಾಲ ಬಂತು’ ಎಂದು ಊರೆಲ್ಲ ಆಡಿಕೊಳ್ಳುತ್ತದೆ ಎಂಬ ಭಯ. ಎಲ್ಲರೂ ಜಾಹೀರಾತು ಕೊಡಲು ಬರುವರು, ಹೆಸರು ಹಾಕಬೇಕು ಎಂದ ಕೂಡಲೇ ಚಪ್ಪಲಿ ಮೆಟ್ಟಿ ಹೊರಡುವರು. ಸುಬ್ರಾಯಣ್ಣ ಅವರ ಹಿಂದೆ ಮೆಟ್ಟಿಲ ತನಕ ಹೋಗಿ ಹೇಳುತ್ತಿದ್ದ ಮಾತು ಒಂದೇ: “ಮಾರದ್ರಲ್ಲಿ ಎಂತ ನಾಚ್ಕೆ? ನಿಂಗೆ ಬೇಡದ್ದು ಇನ್ನೊಬ್ಬಂಗೆ ಬೇಕು, ಅಷ್ಟೇಯ.” ಈ ಉಪದೇಶದಿಂದ ಯಾರೂ ಬದಲಾಗಲಿಲ್ಲವಾದ್ದರಿಂದ ಬಾಕ್ಸ್ ನಂಬರ್ ಬಂತು.

ದೊಡ್ಡ ಪತ್ರಿಕೆಗಳಲ್ಲಿ ಬಾಕ್ಸ್ ನಂಬರ್ ಅಂದರೆ ಬರೀ ಒಂದು ಅಂಕಿ. ನಮ್ಮದು ಹಾಗಲ್ಲ, ನಿಜವಾದ ಗೂಡು. ಪೇಟೆಯಲ್ಲಿ ಒಬ್ಬ ಹೋಮಿಯೋಪತಿ ಡಾಕ್ಟರು ದವಾಖಾನೆ ಮುಚ್ಚಿದಾಗ ಅವರ ಔಷಧಿ ಬಾಟಲಿಯ ಮರದ ಗೂಡನ್ನು ಸುಬ್ರಾಯಣ್ಣ ತಂದು ಗೋಡೆಗೆ ಹೊಡೆಸಿದ್ದರು. ಇಪ್ಪತ್ನಾಲ್ಕು ಖಾನೆ. ಜಾಹೀರಾತಿನಲ್ಲಿ ಹೆಸರಿಲ್ಲ, ‘ಬಾಕ್ಸ್ ನಂ. 7ಕ್ಕೆ ಬರೆಯಿರಿ’ ಎಂದಷ್ಟೇ. ಬಂದ ಪತ್ರ ಏಳನೇ ಗೂಡಿಗೆ ಬೀಳುತ್ತದೆ, ಮಾಲು ಮಾರುವವರು ಬಂದು ತೆಗೆದುಕೊಂಡು ಹೋಗುತ್ತಾರೆ. ಯಾರದ್ದು ಎಂಬುದು ಕಚೇರಿಗೆ ಮಾತ್ರ ಗೊತ್ತು. ಇಪ್ಪತ್ಮೂರು ಗೂಡುಗಳು ಹೀಗೆ ಜನರ ಉಪಯೋಗಕ್ಕೆ. ಇಪ್ಪತ್ನಾಲ್ಕನೆಯದರಲ್ಲಿ ಸುಬ್ರಾಯಣ್ಣನ ಕವಳದ ಸಂಚಿ. ಎಲೆ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕು ಎಲ್ಲ ಅಲ್ಲೇ. ಬಂದವರಿಗೆ ಕವಳ ಬೇಕಾದರೆ ಕೇಳುವ ಪದ್ಧತಿಯಿರಲಿಲ್ಲ, ಎದ್ದು ಇಪ್ಪತ್ನಾಲ್ಕಕ್ಕೆ ಕೈ ಹಾಕಿದರಾಯಿತು.

ನಾನು ಅಲ್ಲಿ ಸೇರಿದ ಕತೆಯನ್ನು ಹೇಳಲು ಸ್ವಲ್ಪ ಸಂಕೋಚ. ಒಂದು ವಾರ ಪತ್ರಿಕೆಯಲ್ಲಿ, ‘ಅಕ್ಷರ ದುಂಡಾಗಿರುವ, ಗುಟ್ಟು ಕಾಯಬಲ್ಲ ಗುಮಾಸ್ತರು ಬೇಕಾಗಿದ್ದಾರೆ, ಬಾಕ್ಸ್ ನಂ. 9’ ಎಂದು ಬಂದಿತ್ತು. ನಾನು ಆಗ ಮದುವೆಯಾಗಿ ಶಿರಸಿಗೆ ಬಂದು ಎರಡು ವರ್ಷ. ಮನೆಯಲ್ಲಿ ಕೂತು ಬೇಸರ. ಅರ್ಜಿ ಬರೆದು ಒಂಬತ್ತನೇ ಗೂಡಿಗೆ ಹಾಕಬೇಕಿತ್ತು. ನಾನು ಮಾಡಿದ್ದೇನೆಂದರೆ, ಕಚೇರಿಗೆ ಹೋಗಿ, “ಈ ಒಂಬತ್ತನೇ ನಂಬರು ಯಾರದ್ದು?” ಎಂದು ಕೇಳಿದೆ. ಸುಬ್ರಾಯಣ್ಣ ಕನ್ನಡಕದ ಮೇಲಿಂದ ನನ್ನನ್ನು ನೋಡಿ, ಅದು ತಮ್ಮದೇ ಎಂದೂ, ನಾನು ಗುಟ್ಟಿನ ಪರೀಕ್ಷೆಯಲ್ಲಿ ಬಾಗಿಲಲ್ಲೇ ನಪಾಸಾದೆನೆಂದೂ ಹೇಳಿದರು. ಆದರೆ ಅರ್ಜಿ ಬರೆದವರು ಬೇರೆ ಯಾರೂ ಇರಲಿಲ್ಲ. ನನ್ನ ಹಾಗೆಯೇ ಕೇಳಲು ಬಂದವರು ಆರು ಮಂದಿಯಿದ್ದರಂತೆ. ಅವರಲ್ಲಿ ನನ್ನ ಅಕ್ಷರವೇ ದುಂಡಗಿತ್ತು.

ಸೇರಿದ ಮೇಲೆ ಗೊತ್ತಾಯಿತು, ಬಾಕ್ಸ್ ನಂಬರ್ ಎಂಬ ಏರ್ಪಾಟನ್ನು ನಮ್ಮ ಜನ ಎಷ್ಟು ಸಲೀಸಾಗಿ ಸೋಲಿಸಿದ್ದರು ಎಂದು. ಸಂತೆಯ ದಿನ ಹತ್ತು ಗಂಟೆಗೆ ಪತ್ರಿಕೆ ಹೊರಗೆ ಬೀಳುವುದು, ಹತ್ತೂವರೆಗೆ ಕಚೇರಿಯ ಬೆಂಚು ತುಂಬುವುದು. ಯಾರೂ ಸೀದಾ ಕೇಳುವವರಲ್ಲ. ಮೊದಲು ಮಳೆ, ಆಮೇಲೆ ನನ್ನ ಅತ್ತೆಯ ಮಂಡಿನೋವು, ಆಮೇಲೆ ಒಂದು ಕವಳ. ಅದು ಅರ್ಧ ಜಗಿದಾದ ಮೇಲೆ ಸಾವಕಾಶವಾಗಿ, ‘ಆ ಹನ್ನೊಂದನೇ ನಂಬರು ಸಿದ್ದಾಪುರದ ಬದಿಯದ್ದು ಇರಬೇಕು, ಅಲ್ಲವೋ?’ ನಾನು ಅಲ್ಲ ಎಂದರೆ ಒಂದು ತಾಲೂಕು ಕಳೆಯಿತು. ಸುಮ್ಮನಿದ್ದರೆ ಹೌದು ಎಂದಾಯಿತು. ನಕ್ಕರಂತೂ ಕೇಳುವುದೇ ಬೇಡ, ಕೇರಿಯ ಹೆಸರೂ ಹೊರಗೆ ಬಂದ ಹಾಗೆ. ನನ್ನ ಮುಖವನ್ನು ಅವರು ಪತ್ರಿಕೆಯ ಐದನೇ ಪುಟದ ಹಾಗೆ ಓದುತ್ತಿದ್ದರು.

ಈ ವಿದ್ಯೆಯಲ್ಲಿ ಪರಮಗುರುಗಳು ಹುಲಗೋಳದ ತಿಮ್ಮಣ್ಣ. ಅವರು ಏನನ್ನೂ ಕೊಂಡದ್ದು ನಾನು ನೋಡಿಲ್ಲ, ಮಾರಿದ್ದೂ ಇಲ್ಲ. ಪ್ರತಿ ವಾರ ಬಸ್ಸು ಹತ್ತಿ ಬರುವುದು, ಬೆಂಚಿನ ಗೋಡೆ ಬದಿಯ ತುದಿಯಲ್ಲಿ ಕೂರುವುದು, ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುವುದು, ಒಂದೊಂದಕ್ಕೂ ನಿಂತು ಮಾಲೀಕರ ಹೆಸರು ಹೇಳುವುದು. ಒಮ್ಮೆ ‘ಎರಡು ಬಾಗಿಲಿನ ಬೀರು, ಕನ್ನಡಿ ಮಾತ್ರ ಒಡೆದಿದೆ’ ಎಂದು ಹಾಕಿದ್ದೆವು. ತಿಮ್ಮಣ್ಣ ಬೆರಳನ್ನು ಆ ಸಾಲಿನ ಮೇಲೆ ಇಟ್ಟು, “ಈ ಕನ್ನಡಿ ಒಡದ ದಿನ ಆನು ಅಲ್ಲೇ ಇದ್ದಿದ್ದಿ. ಅವರ ಮಗಳ ಮದುವೆಲಿ,” ಎಂದು ಮದುವೆಯ ಊಟದಲ್ಲಿ ಏನೇನಿತ್ತು ಎಂಬಲ್ಲಿವರೆಗೆ ವಿವರಿಸಿದರು. ಬೀರು ಆ ವಾರವೇ ಹೋಯಿತು. ಕೊಂಡವರು ಅವರ ಬೀಗರ ಪೈಕಿ. ಗೂಡಿಗೆ ಒಂದು ಪತ್ರವೂ ಬಿದ್ದಿರಲಿಲ್ಲ. ಮಾಲು ಯಾರದ್ದು ಎಂದು ತಿಳಿಯದೆ ಬೆಲೆ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಯಾರದ್ದು ಎಂದು ತಿಳಿದ ಮೇಲೆ ಗೂಡಿಗೆ ಪತ್ರ ಹಾಕುವುದಂತೂ ಮೂರ್ಖತನ.

ಹೀಗಿದ್ದರೂ ಪತ್ರಿಕೆ ನಡೆಯಿತು, ಚೆನ್ನಾಗಿಯೇ ನಡೆಯಿತು. ಗಫೂರ್ ಭಾಯಿ ಎಂಬವರು ತಮ್ಮ ಟೆಂಪೋದಲ್ಲಿ ಯಲ್ಲಾಪುರ, ಸಿದ್ದಾಪುರದ ಕಟ್ಟುಗಳನ್ನು ಒಯ್ದು ಹಾಕಿ, ಬರುವಾಗ ಆ ಕಡೆಯ ಜಾಹೀರಾತಿನ ಚೀಟಿಗಳನ್ನು ಅಂಗಿಯ ಕಿಸೆಯಲ್ಲಿ ತುಂಬಿ ತರುತ್ತಿದ್ದರು. ಅವರ ಕಿಸೆಯಿಂದ ಚೀಟಿಯ ಜೊತೆಗೆ ಬೀಡಿಯ ಪುಡಿಯೂ ಬರುತ್ತಿತ್ತು. ಅದನ್ನು ಝಾಡಿಸಿ ನಾನು ಓದುತ್ತಿದ್ದೆ. ಏನೇನು ಓದಿದೆ ಅಂತೀರಿ! ಮದುವೆ ಹುಡುಗನೊಬ್ಬ ತನ್ನ ಗುಣಗಳ ಪಟ್ಟಿಯಲ್ಲಿ ‘ಬೇಸಿಗೆಯಲ್ಲೂ ಬತ್ತದ ಬಾವಿ’ಯನ್ನು ಎಲ್ಲಕ್ಕಿಂತ ಮೊದಲು ಬರೆದಿದ್ದ. ನಂದೊಳ್ಳಿಯ ಬದಿಯವರೊಬ್ಬರು ‘ಬೆಕ್ಕಿನ ಮರಿ ಪುಕ್ಕಟೆ’ ಎಂದು ಹಾಕಿಸಿ, ಮರುವಾರ ‘ಮರಿಗಳು ಮುಗಿದಿವೆ, ದಯವಿಟ್ಟು ಬರಬೇಡಿ, ಬಂದವರಿಗೆಲ್ಲ ಚಹಾ ಮಾಡಿ ಸಾಕಾಗಿದೆ’ ಎಂದು ಇನ್ನೊಂದು ಹಾಕಿಸಿದರು.

ದಾಸನಕೊಪ್ಪದ ಒಬ್ಬ ಗೌಡರು ಟ್ರಾಕ್ಟರ್ ಮಾರಲು ಬಂದದ್ದನ್ನು ನಾನು ಮರೆಯುವುದಿಲ್ಲ. ನಾನು ಮಾಮೂಲಿನ ಹಾಗೆ ‘ಸುಸ್ಥಿತಿಯಲ್ಲಿದೆ’ ಎಂದು ಬರೆದುಕೊಂಡೆ. ಅವರಿಗೆ ಸಮಾಧಾನವಾಗಲಿಲ್ಲ. “ಹಂಗ ಬರೀಬ್ಯಾಡ್ರಿ ಅಕ್ಕಾರ. ಎಡಗಡೆ ಗಾಲಿ ಒಂದಿಷ್ಟು ಅಳ್ಳಾಡತೈತಿ, ಅದನ್ನೂ ಬರ್ಕೊಳ್ರಿ,” ಎಂದರು. ಆಮೇಲೆ ಮುಂಜಾನೆ ತಣ್ಣಗಿದ್ದಾಗ ಶುರುವಾಗುವುದಿಲ್ಲ, ಏರಿನಲ್ಲಿ ಹೊಗೆ ಬಹಳ, ಸೀಟು ಇಲಿ ತಿಂದಿದೆ, ಎಲ್ಲವನ್ನೂ ಬರೆಸಿದರು. ಕೊನೆಗೆ ಅದು ಮಾರಾಟದ ಜಾಹೀರಾತೋ ಟ್ರಾಕ್ಟರಿನ ಮೇಲಿನ ದೂರೋ ಎಂದು ತಿಳಿಯದ ಹಾಗಾಯಿತು. ಅದೂ ಮಾರಿಹೋಯಿತು. ಇಷ್ಟು ಸತ್ಯ ಹೇಳುವ ಮನುಷ್ಯ ಯಾರು ಎಂದು ನೋಡಲಿಕ್ಕೇ ಜನ ಹೋಗಿದ್ದರು.

ಇದೆಲ್ಲ ಎಷ್ಟು ದಿನ? ಕೈಗೆ ಫೋನು ಬಂತು, ಫೋನಿಗೆ ಫೋಟೋ ಬಂತು. ಎಮ್ಮೆಯ ವರ್ಣನೆ ಓದುವ ಬದಲು ಎಮ್ಮೆಯನ್ನೇ ನೋಡಬಹುದು ಎಂದ ಮೇಲೆ ನಮ್ಮ ದುಂಡನೆಯ ಅಕ್ಷರ ಯಾರಿಗೆ ಬೇಕು? ನಾಲ್ಕು ಪುಟ ಎರಡಾಯಿತು. ಗೂಡುಗಳಲ್ಲಿ ಹಲ್ಲಿ ಸಂಸಾರ ಹೂಡಿತು. ಬೆಂಚಿನ ಮಂದಿ ಮಾತ್ರ ತಪ್ಪದೆ ಬರುತ್ತಿದ್ದರು. ಓದಲು ಕಡಿಮೆಯಾದ್ದರಿಂದ ತಿಮ್ಮಣ್ಣ ಒಂದೊಂದು ಜಾಹೀರಾತಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಕಟ್ಟಡದ ಯಜಮಾನರು ಬಂದು, ಹಳೆಯದನ್ನು ಕೆಡವಿ ಹೊಸತು ಕಟ್ಟುವುದಾಗಿಯೂ, ಮಳೆಗಾಲದೊಳಗೆ ಕೋಣೆ ಬಿಟ್ಟುಕೊಡಬೇಕೆಂದೂ ಬಹಳ ಮರ್ಯಾದೆಯಿಂದ ಹೇಳಿ, ಇಪ್ಪತ್ನಾಲ್ಕರಿಂದ ಒಂದು ಕವಳ ಹಾಕಿಕೊಂಡು ಹೋದರು.

ಮರುದಿನ ನಾನು ಹೋದಾಗ ಸುಬ್ರಾಯಣ್ಣ ಯಂತ್ರದ ಚಕ್ರಕ್ಕೆ ಎಣ್ಣೆ ಬಿಡುತ್ತಾ ನಿಂತಿದ್ದರು. ಬೆನ್ನು ನನ್ನ ಕಡೆಗಿತ್ತು. ಪತ್ರಿಕೆ ನಿಲ್ಲುವುದರ ಬಗ್ಗೆ ತಮಗೆ ದೊಡ್ಡ ಬೇಸರವಿಲ್ಲ, ಹುಟ್ಟಿದ್ದಕ್ಕೆಲ್ಲ ಒಂದು ದಿನವಿದೆ ಎಂದರು. ಚಿಂತೆಯಿದ್ದದ್ದು ಯಂತ್ರದ್ದು. ಗುಜರಿಯವನು ಆಗಲೇ ಎರಡು ಸಲ ಬಂದು ಅದನ್ನು ಬೆರಳಿನಿಂದ ತಟ್ಟಿ ನೋಡಿ ಹೋಗಿದ್ದ. ಸುತ್ತಿಗೆಯಿಂದ ಒಡೆದು ತುಂಡು ಮಾಡಿ ಒಯ್ಯುತ್ತಾರಂತೆ. ಅದು ಆಗಬಾರದು, ನಡೆಸುವ ಕೈಯೊಂದಕ್ಕೆ ಹೋಗಬೇಕು. ಹಾಗಾದರೆ ಜಾಹೀರಾತು ಹಾಕೋಣ, ನಮ್ಮದೇ ಪತ್ರಿಕೆಯಿದೆಯಲ್ಲ ಎಂದೆ ನಾನು. ಅವರು ಎಣ್ಣೆಯ ಡಬ್ಬಿ ಕೆಳಗಿಟ್ಟು ಕೈ ಒರೆಸಿಕೊಂಡರು. ಆಮೇಲೆ ಕೆಳಗಿನ ಸ್ವರದಲ್ಲಿ ಹೇಳಿದರು:

“ಹೆಸ್ರು ಹಾಕಡ ತಂಗಿ. ಯಾರದ್ದು ಹೇಳಿ ಯಾರಿಗೂ ಗೊತ್ತಾಪ್ಲಾಗ. ಪಾಪ ಹೇಳಿಸ್ಕಂಬ್ಲೆ ಯನ್ನ ಹತ್ರ ಆಗ್ತಿಲ್ಲೆ.”

ಯಾರಿಗೂ ಗೊತ್ತಾಗಬಾರದಂತೆ, ಪಾಪ ಎನ್ನಿಸಿಕೊಳ್ಳಲಾರರಂತೆ. ಹಿಂದೆ ಮೆಟ್ಟಿಲ ತನಕ ಹೋಗಿ ಜನರಿಗೆ, ಮಾರುವುದರಲ್ಲಿ ನಾಚಿಕೆಯೇನು ಎಂದು ಬೋಧಿಸಿದ ಮನುಷ್ಯ ಇವರೇ! ನನಗೆ ಒಂದು ಕಡೆ ನಗು, ಇನ್ನೊಂದು ಕಡೆ ಮರುಕ. ಎರಡನ್ನೂ ನುಂಗಿಕೊಂಡು ಕಾಗದ ಎಳೆದುಕೊಂಡೆ.

ಒಂದು ಜಾಹೀರಾತು ಬರೆಯಲು ನಾವಿಬ್ಬರೂ ಅಷ್ಟು ಹೊತ್ತು ತೆಗೆದುಕೊಂಡದ್ದು ಅದೇ ಮೊದಲು. ‘ಹಳೆಯ’ ಎಂದು ಬರೆದರೆ ಅವರಿಗೆ ಸೇರಲಿಲ್ಲ. ‘ಉತ್ತಮ’ ಎಂದರೆ ಜಂಬವಾಯಿತು. ‘ಯೋಗ್ಯರಿಗೆ ಮಾತ್ರ’ ಎಂದು ಸೇರಿಸು ಎಂದರು. ಇದು ಕನ್ಯಾದಾನವಲ್ಲ ಸುಬ್ರಾಯಣ್ಣ ಎಂದು ನಾನು ಗೊಣಗಿದೆ, ಆದರೂ ಸೇರಿಸಿದೆ. ಕೊನೆಗೆ ನಿಂತದ್ದು ಇಷ್ಟು: ‘ಟ್ರೆಡಲ್ ಮುದ್ರಣ ಯಂತ್ರ, ಕನ್ನಡ ಮೊಳೆಗಳ ಸಹಿತ. ದಿನವೂ ನಡೆಯುತ್ತಿರುವಂಥದ್ದು. ನಡೆಸಬಲ್ಲ ಯೋಗ್ಯರಿಗೆ ಮಾತ್ರ.’ ಬಾಕ್ಸ್ ನಂಬರ್ ಯಾವುದು ಹಾಕಲಿ ಎಂದು ಕೇಳಿದೆ. ಇಪ್ಪತ್ಮೂರು ಗೂಡುಗಳಲ್ಲಿ ಹದಿನೆಂಟು ಖಾಲಿಯಿದ್ದವು. ಆದರೆ ಅವು ಜನರವು, ಸ್ವಂತ ಕೆಲಸಕ್ಕೆ ಬಳಸುವುದು ಸರಿಯಲ್ಲ ಎಂದು ಅವರ ನ್ಯಾಯ. ಕವಳದ ಸಂಚಿಯನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು, ಇಪ್ಪತ್ನಾಲ್ಕು ಎಂದು ಬರಿ ಎಂದರು. ನಾನೂ ಬರೆದೆ.

ನೀವೀಗ ನಗುತ್ತಿದ್ದೀರಿ, ನನಗೆ ಗೊತ್ತು. ಶಿರಸಿ ಪೇಟೆಯಲ್ಲಿ ಟ್ರೆಡಲ್ ನಡೆಸುವವರು ಆಗ ಇನ್ನೊಬ್ಬರಿದ್ದ ನೆನಪು ನನಗಿಲ್ಲ. ಆ ಯಂತ್ರದ ಜಾಹೀರಾತು ಅಚ್ಚಾದದ್ದು ಅದೇ ಯಂತ್ರದಲ್ಲಿ. ಮೇಲಿಂದ ನಂಬರು, ಮೂರು ತಾಲೂಕಿನ ಜನ ಇಪ್ಪತ್ತು ವರ್ಷದ ಮೇಲೆ ಕೈ ಹಾಕಿ ಕವಳ ತಿಂದ ಗೂಡಿನದ್ದು. ಇದನ್ನು ಗುಟ್ಟು ಎಂದು ನಂಬಿದವರು ಇಡೀ ಜಿಲ್ಲೆಯಲ್ಲಿ ಇಬ್ಬರೇ, ಆ ಇಬ್ಬರೂ ಬಾಕ್ಸ್ ನಂಬರ್ ಪತ್ರಿಕೆ ನಡೆಸುವವರು. ಬೇರೆಯವರ ಗುಟ್ಟನ್ನು ಅಷ್ಟು ವರ್ಷ ಕಾದು ಕಾದು, ನಮಗೂ ಗುಟ್ಟೆಂಬುದು ಇರಬಹುದು ಎಂಬ ಭ್ರಮೆ ಹಿಡಿದಿತ್ತು.

ಸಂತೆಯ ದಿನ ಬೆಳಿಗ್ಗೆ ನಾನು ಸುಳ್ಳೊಂದನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಯಾರದ್ದು ಎಂದು ಕೇಳಿದರೆ, ಕುಮಟೆಯ ಕಡೆಯವರದ್ದು, ನಮಗೂ ಗುರುತಿಲ್ಲ ಎನ್ನುವುದು. ಹತ್ತೂವರೆಗೆ ಬೆಂಚು ತುಂಬಿತು. ಮಳೆಯ ಮಾತಾಯಿತು, ಅತ್ತೆಯ ಮಂಡಿನೋವಾಯಿತು. ಒಬ್ಬರು ಜರ್ಸಿ ಆಕಳು ಯಾರದ್ದು ಎಂದು ಕೇಳಿದರು. ಇನ್ನೊಬ್ಬರು ಯಲ್ಲಾಪುರದ ಬದಿಯ ಮನೆ ಜಾಗ ಯಾರದ್ದು ಎಂದರು. ಯಂತ್ರದ ಸುದ್ದಿ ಯಾರೂ ಎತ್ತಲಿಲ್ಲ. ನನ್ನ ಸುಳ್ಳು ಬಾಯಲ್ಲೇ ಉಳಿಯಿತು. ಬಹುಶಃ ಯಾರೂ ಓದಿಯೇ ಇಲ್ಲ ಎಂದುಕೊಂಡೆ, ಮನಸ್ಸಿಗೆ ಕೆಟ್ಟದೆನಿಸಿತು.

ಅಷ್ಟರಲ್ಲಿ ತಿಮ್ಮಣ್ಣ ತಮ್ಮ ತುದಿಯಲ್ಲಿ ಕೂತು ಎಂದಿನಂತೆ ಗಟ್ಟಿಯಾಗಿ ಓದಲು ಶುರುಮಾಡಿದರು. ಜರ್ಸಿ ಆಕಳು ಓದಿ ಮಾಲೀಕರ ಹೆಸರು ಹೇಳಿದರು. ಅದರ ಕೆಳಗಿನದ್ದೇ ನಮ್ಮ ಯಂತ್ರ. ಅವರ ಬೆರಳು ಆ ಸಾಲಿನ ಮೇಲೆ ಬಂದು ನಿಂತಿತು. ಒಳಕೋಣೆಯಲ್ಲಿ ಸುಬ್ರಾಯಣ್ಣ ಮೊಳೆ ಜೋಡಿಸುವ ಸದ್ದೂ ನಿಂತಿತು. ತಿಮ್ಮಣ್ಣ ಒಮ್ಮೆ ಕೆಮ್ಮಿದರು, ಕುಡಿಯಲು ನೀರು ಕೇಳಿದರು. ನಾನು ಕೊಟ್ಟ ನೀರು ಕುಡಿದು, ಬೆರಳನ್ನು ಎತ್ತಿ ಅದರಾಚೆಯ ಸಾಲಿನ ಮೇಲಿಟ್ಟು, ‘ಮನೆ ಕಟ್ಟುವ ಜಾಗ, ರಸ್ತೆಗೆ ಸಮೀಪ’ ಎಂದು ಮೊದಲಿಗಿಂತ ಗಟ್ಟಿಯಾಗಿ ಓದಿದರು. ಬೆಂಚಿನ ಉಳಿದವರೆಲ್ಲ ಕಿಟಕಿಯ ಹೊರಗೆ ನೋಡುತ್ತಿದ್ದರು. ಕವಳಕ್ಕೆ ಆ ದಿನ ಯಾರೂ ಏಳಲಿಲ್ಲ. ಅವರವರ ಜೇಬಿನಿಂದ ಅವರವರೇ ತೆಗೆದು ಹಾಕಿಕೊಂಡರು.

ಆಗ ನನಗೆ ತಿಳಿಯಿತು. ತಿಳಿದ ಕೂಡಲೇ ಕಣ್ಣು ತುಂಬಿ ಬಂದು, ಶಾಯಿಯ ಬಾಟಲಿ ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಬಗ್ಗಿದೆ.

ಸಂಜೆ ಗಫೂರ್ ಭಾಯಿ ಟೆಂಪೋ ನಿಲ್ಲಿಸಿ ಒಳಗೆ ಬಂದರು. ಸುಬ್ರಾಯಣ್ಣ ಪಕ್ಕದಲ್ಲಿಲ್ಲದ್ದು ನೋಡಿ ಮೆಲ್ಲಗೆ ಅಂದರು: “ಅಕ್ಕಾ, ಯಲ್ಲಾಪುರದಲ್ಲಿ ಎಲ್ಲರಿಗೂ ಗೊತ್ತು. ಸಿದ್ದಾಪುರದಲ್ಲೂ ಗೊತ್ತು. ಆದ್ರೆ ಯಾರೂ ಬಾಯಿ ಬಿಡೂದಿಲ್ಲ. ನೀವು ಫಿಕರ್ ಮಾಡ್ಬೇಡಿ.” ಆಮೇಲೆ ಕಿಸೆಯಿಂದ ಚೀಟಿಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಈ ಸಲ ಚೀಟಿಯಲ್ಲ, ಅಂಟಿಸಿದ ಲಕೋಟೆಗಳು. ಎಲ್ಲದರ ಮೇಲೂ ‘ಬಾಕ್ಸ್ ನಂ. 24’.

ಮುಂದಿನ ಎರಡು ವಾರ ಪತ್ರಗಳು ಬಂದವು. ಅಷ್ಟು ವರ್ಷದಲ್ಲಿ ಯಾವ ಗೂಡಿಗೂ ಒಂದೆರಡಕ್ಕಿಂತ ಹೆಚ್ಚು ಪತ್ರ ಬಿದ್ದದ್ದಿಲ್ಲ, ಇಪ್ಪತ್ನಾಲ್ಕು ತುಂಬಿ ಕೆಳಗೆ ಬುಟ್ಟಿ ಇಡಬೇಕಾಯಿತು. ಬರೆದವರಲ್ಲಿ ಹೆಚ್ಚಿನವರಿಗೆ ಯಂತ್ರ ಬೇಕಾಗಿರಲಿಲ್ಲ. ಎಲ್ಲಿಡುವುದು ಅದನ್ನು? ಆದರೆ ಒಬ್ಬರೂ ಹೆಸರು ಹಿಡಿದು ಕರೆದಿರಲಿಲ್ಲ. ‘ಮಾನ್ಯ ಬಾಕ್ಸ್ ನಂ. 24 ಅವರಿಗೆ, ತಮ್ಮ ಗುರುತು ನಮಗಿಲ್ಲ. ಆದರೂ ನಮ್ಮ ಮೂರು ಹೆಣ್ಣುಮಕ್ಕಳ ಮಂಗಲಪತ್ರ ಇಂಥದ್ದೇ ಒಂದು ಯಂತ್ರದಲ್ಲಿ ಅಚ್ಚಾಗಿತ್ತು, ಮೂವರೂ ಸುಖವಾಗಿದ್ದಾರೆ ಎಂದು ತಿಳಿಸಲು ಈ ಪತ್ರ.’ ಇನ್ನೊಬ್ಬರು ಯಂತ್ರ ತಮಗೆ ಬೇಡ, ಬೇಕಾದವರು ಸಿಕ್ಕರೆ ಎತ್ತಿ ಹೇರಲು ನಾಲ್ಕು ಆಳು ಕಳಿಸುತ್ತೇನೆ ಎಂದಿದ್ದರು. ದಾಸನಕೊಪ್ಪದ ಗೌಡರದ್ದು ಎರಡೇ ಸಾಲು: ‘ತಾವು ಯಾರು ಅನ್ನೂದು ನಮಗ ಗೊತ್ತಿಲ್ಲ, ಗೊತ್ತು ಮಾಡ್ಕೊಳ್ಳೂದೂ ಇಲ್ಲ. ತಮ್ಮಿಂದ ನಮಗ ಭಾಳ ಉಪಕಾರ ಆಗೈತಿ.’ ತಿಮ್ಮಣ್ಣನ ಪತ್ರವೂ ಇತ್ತು. ಅವರು ಅದನ್ನು ಬೆಂಚಿನಿಂದ ನಾಲ್ಕು ಹೆಜ್ಜೆ ದೂರದ ಗೂಡಿಗೆ ಕೈಯಾರೆ ಹಾಕಬಹುದಿತ್ತು. ಹುಲಗೋಳದಿಂದ ಅಂಚೆಯಲ್ಲಿ ಕಳಿಸಿದ್ದರು.

ಇಷ್ಟರ ನಡುವೆ ಒಂದು ನಿಜವಾದ ಗಿರಾಕಿಯ ಪತ್ರ. ನಂದೊಳ್ಳಿಯ ಹೆಂಗಸರು ಕೆಲವರು ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತಿದ್ದರು. ಬಾಟಲಿಗೆ ಅಂಟಿಸುವ ಚೀಟಿಯನ್ನು ಪೇಟೆಯಲ್ಲಿ ಅಚ್ಚು ಹಾಕಿಸಲು ಅಲೆದು ಸಾಕಾಗಿ, ತಾವೇ ಕಲಿತು ನಡೆಸುತ್ತೇವೆ ಎಂದು ಬರೆದಿದ್ದರು. ‘ನಾವು ಯೋಗ್ಯರೋ ಅಲ್ಲವೋ ತಾವೇ ಬಂದು ನೋಡಬಹುದು’ ಎಂದು ಕೊನೆಯಲ್ಲಿ ಸ್ವಲ್ಪ ಖಾರವೂ ಇತ್ತು. ಯಂತ್ರ ಗಫೂರ್ ಭಾಯಿಯ ಟೆಂಪೋದಲ್ಲಿ ಅಲ್ಲಿಗೆ ಹೋಯಿತು. ಕಲಿಸಲು ಸುಬ್ರಾಯಣ್ಣ ಒಂದು ತಿಂಗಳು ಬಸ್ಸಿನಲ್ಲಿ ಹೋಗಿ ಬಂದರು, ಬಾಕ್ಸ್ ನಂಬರಿನವರು ಕಳಿಸಿದ ಜನ ಎಂದು ಹೇಳಿಕೊಂಡು. ಆ ಹೆಂಗಸರು ಅದನ್ನೂ ಒಪ್ಪಿಕೊಂಡರು.

ಸುಬ್ರಾಯಣ್ಣ ಬಂದ ಪತ್ರಗಳಿಗೆಲ್ಲ ಉತ್ತರ ಬರೆಸಿದರು. ನಾನು ಬರೆದೆ, ಕೆಳಗೆ ಸಹಿ ‘ಬಾಕ್ಸ್ ನಂ. 24’. ಬರೆಸುವಾಗೆಲ್ಲ ಅವರ ಮುಖದಲ್ಲಿ ಗೆದ್ದವರ ಕಳೆ. ಬಾಕ್ಸ್ ನಂಬರಿನ ಪದ್ಧತಿ ಕೊನೆಗೂ ಜನರಿಗೆ ಅರ್ಥವಾಯಿತು ನೋಡು ಎನ್ನುವರು. ನಾನು ಹೌದು ಹೌದು ಎನ್ನುತ್ತಿದ್ದೆ. ಪತ್ರಿಕೆ ನಿಲ್ಲುತ್ತದೆ ಎಂದು ನಾವು ಎಲ್ಲಿಯೂ ಅಚ್ಚು ಹಾಕಲಿಲ್ಲ. ಒಂದು ಸಂತೆಯ ದಿನ ಬರಲಿಲ್ಲ, ಅಷ್ಟೇ. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ.

ಅಂದಿನಿಂದ ಇದೊಂದು ಮಾತು ನನ್ನ ಹೊಟ್ಟೆಯಲ್ಲಿ ಕೂತಿತ್ತು. ಗುಟ್ಟು ಉಳಿಯಿತೆಂದು ಅವರು ನಂಬಿಕೊಂಡಿದ್ದಾರೆ. ನಿಜ ಅದಕ್ಕಿಂತ ದೊಡ್ಡದು; ಯಾರ ಗುಟ್ಟನ್ನೂ ಒಂದು ದಿನ ಕಾಯದ ಜನ ಅವರೊಬ್ಬರಿಗಾಗಿ ಕಾದರು. ಅದು ಅವರಿಗೆ ತಿಳಿಯದೆ ಹೋದರೆ ಅನ್ಯಾಯವಲ್ಲವೇ? ಹೇಳಿದರೆ, ಪಾಪ ಎನ್ನಿಸಿಕೊಂಡೆ ಎಂದು ನೊಂದುಕೊಂಡರೆ? ಹೇಳಬೇಕು, ಹೇಳಬಾರದು ಎಂದು ವರ್ಷಗಟ್ಟಲೆ ತೂಗಾಡಿದೆ. ತೂಗುಮಂಚದ ಗಲಾಟೆಯಾದ ಮರುದಿನ ಇನ್ನು ತಡೆಯಲಾರದೆ ಬಸ್ಸು ಹತ್ತಿದೆ.

ಸುಬ್ರಾಯಣ್ಣ ಈಗ ಸಿದ್ದಾಪುರದಲ್ಲಿ ತಂಗಿಯ ಮಗಳ ಮನೆಯಲ್ಲಿದ್ದಾರೆ. ಕಣ್ಣು ಮಂದವಾಗಿದೆ, ನಾಲಿಗೆ ಚುರುಕಾಗಿಯೇ ಇದೆ. ನನ್ನ ದನಿ ಕೇಳಿ, ಗುಟ್ಟು ಕಾಯಲಾರದ ಗುಮಾಸ್ತೆ ಬಂದಳು ಎಂದು ಮನೆಯವರಿಗೆಲ್ಲ ಪರಿಚಯ ಮಾಡಿದರು. ಚಹಾ ಆಯಿತು. ಮಳೆಯ ಮಾತಾಯಿತು. ನನ್ನ ಮಂಡಿನೋವಿನ ಮಾತೂ ಆಯಿತು, ಈಗ ಅದು ಅತ್ತೆಯಿಂದ ನನಗೆ ಬಂದಿದೆ. ಕೊನೆಗೆ ನಾನು, “ಸುಬ್ರಾಯಣ್ಣ, ಆ ಇಪ್ಪತ್ನಾಲ್ಕನೇ ನಂಬರಿನ ವಿಷಯ ಒಂದು ಹೇಳೂದಿತ್ತು,” ಎಂದೆ.

ಅವರು ಕೈ ಎತ್ತಿ ನನ್ನನ್ನು ತಡೆದರು. ಪಕ್ಕದಲ್ಲಿ ಯಾರೂ ಇಲ್ಲ ತಾನೆ ಎಂದು ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ನನ್ನ ಕಡೆ ಬಗ್ಗಿ ಹೇಳಿದರು:

“ಅವೆಲ್ಲ ಅಷ್ಟು ಕಷ್ಟಪಟ್ಟು ಮುಚ್ಚಿಟ್ಟಿದ್ದ, ತಂಗಿ. ಯಂಗೆ ಗೊತ್ತಿತ್ತು ಹೇಳಿ ಅವ್ಕೆ ಗೊತ್ತಾಪ್ಲಾಗ.”

ಅಂದರೆ ಜನ ಮುಚ್ಚಿಟ್ಟದ್ದು ಅವರಿಗೆ ಮೊದಲೇ ಗೊತ್ತಿತ್ತು, ಗೊತ್ತಿತ್ತೆಂದು ಜನರಿಗೆ ತಿಳಿಯಬಾರದು! ತಿಮ್ಮಣ್ಣ ನೀರು ಕೇಳಿದ ಆ ಗಳಿಗೆಯಲ್ಲೇ ತಮಗೆ ಅರ್ಥವಾಗಿತ್ತು ಎಂದರು. ಆ ದಿನದಿಂದ ಜನ ಅವರ ಮುಂದೆ, ಅವರು ಜನರ ಮುಂದೆ, ನನ್ನ ಮುಂದೆಯೂ, ಏನೂ ಗೊತ್ತಿಲ್ಲದವರ ಹಾಗೆ ಇದ್ದುಬಿಟ್ಟಿದ್ದರು. ಗುಟ್ಟು ಕಾಯಲು ಸಂಬಳ ತೆಗೆದುಕೊಂಡವಳು ನಾನು. ಗುಟ್ಟು ಕಾದವರು ಅವರೆಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಅವರ ಕೈ ಹಿಡಿದು ಮಾತು ಕೊಟ್ಟು, ಐದು ಗಂಟೆಯ ಬಸ್ಸಿಗೆ ಶಿರಸಿಗೆ ಬಂದೆ.

ಬಂದವಳು ನಾಲ್ಕು ದಿನ ಸುಮ್ಮನಿದ್ದೆ. ಐದನೆಯ ದಿನ ಕೂತು ಇದನ್ನೆಲ್ಲ ನಿಮಗೆ ಬರೆದುಬಿಟ್ಟೆ. ಹೆಸರುಗಳನ್ನು ಬದಲಿಸಿದ್ದೇನೆ, ಊರುಗಳನ್ನೂ ಅಲ್ಲಲ್ಲಿ ಆಚೀಚೆ ಮಾಡಿದ್ದೇನೆ. ಆದರೂ ನಮ್ಮ ಮೂರು ತಾಲೂಕಿನವರಾದರೆ ನೀವು ಎರಡನೇ ಪುಟದೊಳಗೇ ಪತ್ತೆಮಾಡಿರುತ್ತೀರಿ. ಸುಬ್ರಾಯಣ್ಣ ಎಲ್ಲಾದರೂ ಎದುರು ಸಿಕ್ಕರೆ ಮಳೆಯ ಮಾತಾಡಿ, ಕವಳ ಕೊಟ್ಟರೆ ಹಾಕಿಕೊಳ್ಳಿ, ಅವರಿಗೆ ಎಲ್ಲ ಗೊತ್ತಿತ್ತು ಎಂಬುದು ಮಾತ್ರ ನಿಮಗೆ ಗೊತ್ತೇ ಇಲ್ಲದ ಹಾಗೆ ಇದ್ದುಬಿಡಿ. ನಿಮಗೆ ಅದೇನೂ ಕಷ್ಟವಲ್ಲ, ಒಮ್ಮೆ ಮಾಡಿದವರೇ ನೀವು.